ಒಂಟಿ ಕಾಲಿನ ಮೇಲೆ ನಿಂತ ದ್ವೀಪ

(ಪಾಡ್‌ಕಾಸ್ಟ್ ಮಾತಿನ ಬರಹ ರೂಪ)

ನಾನು ಬೆಳ್ಳೂರಿನವನು. ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ಬೆಂಗಳೂರಿಂದ ಹಾಸನಕ್ಕೆ, ಮಂಗಳೂರಿಗೆ ಹೋಗೋರು ಟೀ ಕುಡಿಯೋಕೆ ಇಳೀತಾರಲ್ಲ, ಆ ಬೆಳ್ಳೂರು ಕ್ರಾಸ್ ಪಕ್ಕದ ಊರು.

ಇವತ್ತಿನ ವಿಷಯ ಕೇಳಿದ್ರೆ ಸ್ವಲ್ಪ ನಗು ಬರಬಹುದು. ದ್ವೀಪ ರಾಷ್ಟ್ರಗಳು. ಮಾಲ್ಡೀವ್ಸ್, ಮಾರಿಷಸ್, ಡೊಮಿನಿಕಾ. ಸಮುದ್ರದ ಮಧ್ಯೆ ಇರೋ ಪುಟ್ಟ ಪುಟ್ಟ ದೇಶಗಳು ಹೊಡೆತ ಬಿದ್ದಾಗ ಹೇಗೆ ತಡ್ಕೊಳ್ತವೆ, ಹೇಗೆ ಮತ್ತೆ ಎದ್ದು ನಿಲ್ತವೆ ಅನ್ನೋದು. ಬೆಳ್ಳೂರಿನವನಿಗೆ ಸಮುದ್ರದ ಉಸಾಬರಿ ಯಾಕಪ್ಪಾ ಅಂತ ಕೇಳ್ಬಹುದು. ಇದೆ, ಹೇಳ್ತೀನಿ. ಯಾಕಂದ್ರೆ ನಮ್ಮ ಮಗ್ಗುಲಲ್ಲೇ ಒಂದು ದ್ವೀಪ ಇದೆ. ಆ ದ್ವೀಪ ಒಂದು ಕಾಲಕ್ಕೆ ರಾಜ್ಯ ಆಳಿತ್ತು. ಆಮೇಲೆ ಬಿತ್ತು ಕೂಡ.

ಬೆಳ್ಳೂರು ಕ್ರಾಸಿಂದ ದಕ್ಷಿಣಕ್ಕೆ ಹೊರಟ್ರೆ ನಾಗಮಂಗಲ, ಆಮೇಲೆ ಪಾಂಡವಪುರ, ಆಮೇಲೆ ಕಿರಂಗೂರು. ಅಲ್ಲಿಂದ ಮುಂದೆ ಕಾವೇರಿ ಮೇಲೊಂದು ಸೇತುವೆ. ದಾಟಿದ ತಕ್ಷಣ ಕೋಟೆ ಗೋಡೆ ಕಾಣುತ್ತೆ. ಫೋನ್ ನೋಡ್ತಾ ಕೂತಿದ್ರೆ ಗೊತ್ತೇ ಆಗಲ್ಲ, ಆದ್ರೆ ಆಗ ನಾವು ಒಂದು ದ್ವೀಪದ ಒಳಗೆ ಬಂದಿರ್ತೀವಿ. ಶ್ರೀರಂಗಪಟ್ಟಣ ಅಂದ್ರೆ ಕಾವೇರಿ ಎರಡು ಕವಲಾಗಿ ಒಡೆದು, ಮತ್ತೆ ಒಂದಾಗೋ ಜಾಗ. ಉದ್ದ ಸುಮಾರು ಐದು ಕಿಲೋಮೀಟರ್, ಅಗಲ ಒಂದೂವರೆ. ಬೆಳಗ್ಗೆ ನಡೆಯೋಕೆ ಶುರು ಮಾಡಿದ್ರೆ ತಿಂಡಿ ಹೊತ್ತಿಗೆ ಆ ತುದಿ ಮುಟ್ಟಬಹುದು.

ಇಷ್ಟು ಜಾಗದಿಂದ ಮೈಸೂರು ರಾಜ್ಯ ನಡೀತು. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಇದನ್ನ ತಗೊಂಡ್ರು. ಅದೇ ವರ್ಷ ಅಲ್ಲಿ ದಸರಾ ಶುರುವಾಯ್ತು. ಆಮೇಲೆ ಹೈದರ್, ಟಿಪ್ಪು. ಸುತ್ತ ನೀರು, ಒಳಗೆ ಕೋಟೆ, ಹೊರಗಡೆ ಪೇಟೆಗೆ ಗಂಜಾಂ. ಆ ಪೇಟೆ ತುಂಬಿಸೋಕೆ ಶಿರಾದಿಂದ ಕುಟುಂಬಗಳನ್ನೇ ತಂದು ನೆಲೆ ಮಾಡಿಸಿದ್ರು ಅಂತ ಮೈಸೂರು ಗೆಜೆಟಿಯರ್ ಹೇಳುತ್ತೆ. ಟಿಪ್ಪು ಕಾಲಕ್ಕೆ ದ್ವೀಪದಲ್ಲಿ ಒಂದೂವರೆ ಲಕ್ಷ ಜನ ಇದ್ರು ಅಂತ ಅಂದಾಜು.

1799, ಮೇ 4. ಕೋಟೆ ಬಿತ್ತು, ಟಿಪ್ಪು ಸತ್ತ. ಈ ಕತೆ ನಮಗೆ ಶಾಲೇಲೇ ಗೊತ್ತು. ಆದ್ರೆ ಮಾರನೇ ದಿನದಿಂದ ಏನಾಯ್ತು ಅನ್ನೋದು ಪಾಠದಲ್ಲಿ ಬರಲ್ಲ. ರಾಜಧಾನಿ ಮೈಸೂರಿಗೆ ಹೋಯ್ತು. ಮುಂದಿನ ವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಅನ್ನೋ ಡಾಕ್ಟರ್ ಬಂದು ಮನೆ, ಕುಟುಂಬ ಎಲ್ಲ ಲೆಕ್ಕ ಹಾಕಿಸಿದ. ಸುಮಾರು 32 ಸಾವಿರ ಜನ. ಒಂದೂವರೆ ಲಕ್ಷ ಎಲ್ಲಿ, 32 ಸಾವಿರ ಎಲ್ಲಿ! ದ್ವೀಪವನ್ನ ಬ್ರಿಟಿಷರು ತಮ್ಮ ಕೈಯಲ್ಲೇ ಇಟ್ಕೊಂಡು, ಮೈಸೂರಿಗೆ ವರ್ಷಕ್ಕೆ 50 ಸಾವಿರ ರೂಪಾಯಿಗೆ ಗುತ್ತಿಗೆ ಕೊಟ್ರು. ಅಲ್ಲಿಟ್ಟಿದ್ದ ಸೈನ್ಯಕ್ಕೆ ಚಳಿಜ್ವರ ಬಿಡಲಿಲ್ಲ. 1809ರಲ್ಲಿ ಸೈನ್ಯ ಬೆಂಗಳೂರಿಗೆ ಹೊರಟುಹೋಯ್ತು. ಇವತ್ತು ನಾವು ಎಂ.ಜಿ. ರೋಡ್ ಅಂತ ಓಡಾಡ್ತೀವಲ್ಲ, ಆ ಕಂಟೋನ್ಮೆಂಟ್ ಶುರುವಾಗಿದ್ದು ಹಾಗೆ. 1881ರಲ್ಲಿ ಮೈಸೂರಿಗೆ ರಾಜ್ಯ ವಾಪಸ್ ಬಂದಾಗ ಒಂದು ಅದಲುಬದಲು ನಡೀತು. ಬೆಂಗಳೂರು ಕಂಟೋನ್ಮೆಂಟ್ ಬ್ರಿಟಿಷರಿಗೆ, ಶ್ರೀರಂಗಪಟ್ಟಣ ಮೈಸೂರಿಗೆ. 1901ರ ಜನಗಣತಿ ಹೊತ್ತಿಗೆ ಪಟ್ಟಣದ ಜನಸಂಖ್ಯೆ ಒಂಬತ್ತು ಸಾವಿರಕ್ಕಿಂತ ಕಮ್ಮಿ.

ಯಾಕೆ ಹೀಗಾಯ್ತು? ಯುದ್ಧ ಸೋತಿದ್ದಕ್ಕೆ ಅಂತೀವಿ. ಸರಿ. ಆದ್ರೆ ಯುದ್ಧ ಸೋತ ಊರುಗಳೆಲ್ಲ ಹೀಗೆ ಖಾಲಿ ಆಗಲ್ಲ. ಶ್ರೀರಂಗಪಟ್ಟಣದ ದೊಡ್ಡ ಸಂಪಾದನೆ ಒಂದೇ ಆಗಿತ್ತು. ಅದು ಅರಮನೆ ಮತ್ತು ಸೈನ್ಯ. ದರ್ಜಿ, ಕಮ್ಮಾರ, ಮೇವು ಮಾರೋನು, ಬಡ್ಡಿ ಸಾಹುಕಾರ, ಎಲ್ಲರ ಅನ್ನವೂ ಅಲ್ಲಿಂದಲೇ. ಅಪ್ಪಣೆ ಮೇಲೆ ಬಂದ ಜನ, ಅಪ್ಪಣೆ ಕೊಡೋನೇ ಇಲ್ಲ ಅಂದಾಗ ಹೊರಟುಹೋದ್ರು. ದ್ವೀಪಕ್ಕೆ ಪ್ರವಾಹ ಬಂದು ಮುಳುಗಲಿಲ್ಲ. ಒಂಟಿ ಕಾಲಿನ ಮೇಲೆ ನಿಂತಿತ್ತು, ಆ ಕಾಲು ಮುರೀತು.

ಈಗ ಸಮುದ್ರಕ್ಕೆ ಹೋಗೋಣ. ವಿಶ್ವಸಂಸ್ಥೆ ಪಟ್ಟಿಯಲ್ಲಿ ಇಂಥ 39 ಸಣ್ಣ ದ್ವೀಪ ರಾಷ್ಟ್ರಗಳಿವೆ. ಶ್ರೀರಂಗಪಟ್ಟಣಕ್ಕೆ ಇದ್ದ ಕಾಯಿಲೆನೇ ಬಹಳಷ್ಟು ದೇಶಗಳಿಗೂ ಇದೆ. ಮಾಲ್ಡೀವ್ಸ್ ನೋಡಿ. 2019ರಲ್ಲಿ ಆ ಪುಟ್ಟ ದೇಶಕ್ಕೆ 17 ಲಕ್ಷ ಪ್ರವಾಸಿಗರು ಬಂದಿದ್ರು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂತು, ಬಾಗಿಲು ಹಾಕಿದ್ರು, ಜುಲೈವರೆಗೆ ಒಬ್ಬ ಪ್ರವಾಸಿಯೂ ಇಲ್ಲ. ಆ ವರ್ಷ ಒಟ್ಟು ಬಂದವರು ಐದೂವರೆ ಲಕ್ಷ. ಇಡೀ ದೇಶದ ದುಡಿಮೆ ನಿಂತಿದ್ದು ಒಂದು ಬೋಟಿಂಗ್ ಟಿಕೆಟ್ ಕೌಂಟರ್ ಮುಚ್ಚಿದ ಹಾಗೆ.

ಅದಕ್ಕೂ ಮುಂಚೆ 2014ರ ಡಿಸೆಂಬರ್‌ನಲ್ಲಿ ಇನ್ನೊಂದು ನಡೆದಿತ್ತು. ರಾಜಧಾನಿ ಮಾಲೆಯಲ್ಲಿ ಸಮುದ್ರದ ನೀರನ್ನ ಸಿಹಿನೀರು ಮಾಡೋ ಘಟಕಕ್ಕೆ ಬೆಂಕಿ ಬಿತ್ತು. ಅಷ್ಟೇ. ಲಕ್ಷಕ್ಕೂ ಹೆಚ್ಚು ಜನರಿಗೆ ಕುಡಿಯೋಕೆ ನೀರಿಲ್ಲ. ಸುತ್ತ ಕಣ್ಣು ಹಾಯಿಸಿದಷ್ಟೂ ನೀರು, ಗಂಟಲಿಗೆ ಮಾತ್ರ ಇಲ್ಲ. ಆಗ ಭಾರತದಿಂದ ವಿಮಾನದಲ್ಲಿ, ನೌಕಾಪಡೆ ಹಡಗಲ್ಲಿ ನೀರು ಹೋಯ್ತು. ಒಂದೇ ಘಟಕ ಇತ್ತು, ಬದಲಿ ಇರಲಿಲ್ಲ. ಸಂಪಾದನೆಗೆ ಮಾತ್ರ ಅಲ್ಲ, ನೀರಿಗೂ ಒಂಟಿ ಕಾಲು ಅಪಾಯ.

ಇನ್ನೊಂದು ಕಷ್ಟ, ಸಣ್ಣ ಜಾಗಕ್ಕೆ ಹೊಡೆತ ಬಿದ್ರೆ ಎಲ್ಲರಿಗೂ ಒಟ್ಟಿಗೆ ಬೀಳುತ್ತೆ. ನಮ್ಮ ದೇಶದಲ್ಲಿ ಕೊಡಗಲ್ಲಿ ಗುಡ್ಡ ಕುಸಿದ್ರೆ ಕೋಲಾರದಿಂದ ಅಕ್ಕಿ ಕಳಿಸಬಹುದು. ಕೆರಿಬಿಯನ್ ಸಮುದ್ರದ ಡೊಮಿನಿಕಾ ದೇಶದಲ್ಲಿ ಜನ ಸುಮಾರು 70 ಸಾವಿರ. 2017ರ ಸೆಪ್ಟೆಂಬರ್‌ನಲ್ಲಿ ಮರಿಯಾ ಚಂಡಮಾರುತ ಹೊಡೀತು. ಒಂದೇ ರಾತ್ರೀಲಿ ಆದ ನಷ್ಟ, ಆ ದೇಶದ ಒಂದು ವರ್ಷದ ಉತ್ಪನ್ನದ ಎರಡು ಪಟ್ಟಿಗಿಂತ ಜಾಸ್ತಿ. ಹತ್ತು ಸಾವಿರ ಸಂಬಳ ಬರೋ ಮನೆಗೆ, ಎರಡು ವರ್ಷ ಪೂರ್ತಿ ದುಡಿದಿದ್ದು ಒಂದು ರಾತ್ರೀಲಿ ಹೋದ ಹಾಗೆ.

ಹಾಗಾದ್ರೆ ಇವರು ಏನು ಮಾಡಿದ್ರು? ಎರಡು ವಿಷಯ ಹೇಳ್ತೀನಿ.

ಒಂದು, ಆಪತ್ತಿಗೆ ಮೊದಲೇ ಕೂಡಿಡೋದು, ಅದೂ ಒಟ್ಟಿಗೆ. ಕೆರಿಬಿಯನ್ ದೇಶಗಳು 2007ರಲ್ಲಿ ಸೇರಿ ಒಂದು ವಿಮಾ ನಿಧಿ ಮಾಡಿಕೊಂಡವು. ಒಂದು ಥರಾ ದೇಶಗಳ ಚೀಟಿ ವ್ಯವಹಾರ ಅಂದ್ಕೊಳ್ಳಿ. ಗಾಳಿಯ ವೇಗ ಇಷ್ಟು ದಾಟಿದ್ರೆ, ಮಳೆ ಇಷ್ಟು ಮೀರಿದ್ರೆ ಇಷ್ಟು ದುಡ್ಡು ಅಂತ ಮೊದಲೇ ಲೆಕ್ಕ ಆಗಿರುತ್ತೆ. ಯಾರ ಮನೆ ಎಷ್ಟು ಬಿತ್ತು ಅಂತ ಅಳೆಯೋಕೆ ತಿಂಗಳುಗಟ್ಟಲೆ ಕಾಯಲ್ಲ, ಎರಡು ವಾರದೊಳಗೆ ದುಡ್ಡು ಬರುತ್ತೆ. ಇಡೀ ನಷ್ಟ ತುಂಬಲ್ಲ, ಆದ್ರೆ ಮೊದಲ ತಿಂಗಳು ಸರ್ಕಾರ ಕೈ ಚಾಚದೆ ಸಂಬಳ ಕೊಡಬಹುದು, ರಸ್ತೆ ತೆಗೆಯಬಹುದು. ಬೆಳೆ ಹೋದ ರೈತನಿಗೆ ಪರಿಹಾರ ಮುಂದಿನ ಬಿತ್ತನೆ ಮುಗಿದ ಮೇಲೆ ಬಂದ್ರೆ ಏನು ಉಪಯೋಗ ಅಂತ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಎಷ್ಟು ಬಂತು ಅನ್ನೋದರಷ್ಟೇ, ಯಾವಾಗ ಬಂತು ಅನ್ನೋದೂ ಮುಖ್ಯ.

ಎರಡನೇದು ಮಾರಿಷಸ್. ಮಂಡ್ಯದವರು ಇದನ್ನ ಗಮನ ಇಟ್ಟು ಕೇಳಬೇಕು. 1968ರಲ್ಲಿ ಸ್ವಾತಂತ್ರ್ಯ ಬಂದಾಗ ಅವರ ಹತ್ರ ಇದ್ದಿದ್ದು ಕಬ್ಬು. ಸಕ್ಕರೆ ಬಿಟ್ರೆ ಹೇಳಿಕೊಳ್ಳೋಕೆ ಬೇರೇನೂ ಇಲ್ಲ. ಅವರು ಕಬ್ಬು ಕಿತ್ತು ಎಸೀಲಿಲ್ಲ. ಸಕ್ಕರೆಯಿಂದ ಬಂದ ದುಡ್ಡಲ್ಲಿ, ಸಕ್ಕರೆ ಬೆಲೆ ಚೆನ್ನಾಗಿದ್ದಾಗಲೇ, ಬಟ್ಟೆ ಕಾರ್ಖಾನೆ ಕಟ್ಟಿದ್ರು. ಬಟ್ಟೆ ನಡೀತಿರುವಾಗಲೇ ಪ್ರವಾಸ, ಆಮೇಲೆ ಹಣಕಾಸು ಸೇವೆ. ಒಂದು ಕಾಲು ಗಟ್ಟಿ ಇರುವಾಗಲೇ ಇನ್ನೊಂದನ್ನ ಊರಿದ್ರು.

2020ರ ಜುಲೈನಲ್ಲಿ ಅವರ ಕರಾವಳಿಯ ಹವಳದ ದಿಬ್ಬಕ್ಕೆ ವಕಾಶಿಯೊ ಅನ್ನೋ ಹಡಗು ಡಿಕ್ಕಿ ಹೊಡೀತು. ಆಗಸ್ಟ್‌ನಲ್ಲಿ ಎಣ್ಣೆ ಸೋರೋಕೆ ಶುರುವಾಯ್ತು. ಜನ ಸರ್ಕಾರಕ್ಕೆ ಕಾಯಲಿಲ್ಲ. ಗದ್ದೆಯಿಂದ ಕಬ್ಬಿನ ತರಗು ತಂದ್ರು, ಬಟ್ಟೆಯಲ್ಲಿ ತುಂಬಿ ಉದ್ದಕ್ಕೆ ಹೊಲಿದ್ರು, ಬಾಟಲಿ ಕಟ್ಟಿ ನೀರಲ್ಲಿ ತೇಲಿಬಿಟ್ರು. ಎಣ್ಣೆ ಮುಂದೆ ಹೋಗದಂತೆ ಒಡ್ಡು ಕಟ್ಟಿದ್ರು. ನಾವು ಗದ್ದೇಲಿ ಬೆಂಕಿ ಹಚ್ಚಿ ಸುಡ್ತೀವಲ್ಲ, ಅದೇ ತರಗು. ಮಕ್ಕಳು, ಮೀನುಗಾರರು, ಅಂಗಡಿಯವರು ಎಲ್ಲ ದಡದಲ್ಲಿ ಕೂತು ಹೊಲಿದ್ರು. ಒಬ್ಬರಿಗೊಬ್ಬರು ಗೊತ್ತಿದ್ದಿದ್ದಕ್ಕೆ ಅದು ಒಂದೆರಡು ದಿನದಲ್ಲಿ ಆಯ್ತು. ದೊಡ್ಡ ದೇಶದಲ್ಲಿ ಇದೇ ಕೆಲಸಕ್ಕೆ ಮೊದಲು ಮೀಟಿಂಗ್ ಕರೀತಾರೆ.

ಸರಿ, ವಾಪಸ್ ನಮ್ಮ ಕಾವೇರಿಗೆ. ಶ್ರೀರಂಗಪಟ್ಟಣ ಪೂರ್ತಿ ಸಾಯಲಿಲ್ಲ. ಯಾಕೆ? ಅರಮನೆ ಹೋದ್ರೂ ಉಳಿದಿದ್ದ ಸಣ್ಣ ಸಣ್ಣ ಕಾಲುಗಳು ಅದನ್ನ ಎತ್ತಿ ಹಿಡಿದ್ವು. ಒಂದು ಬಂಗಾರದೊಡ್ಡಿ ನಾಲೆ. ಅರಸರ ಕಾಲದ್ದು, ನದಿಯ ಮೇಲೇ ನೀರನ್ನ ದಾಟಿಸಿ ದ್ವೀಪದ ಗದ್ದೆಗೆ ತರುತ್ತೆ. ಇನ್ನೊಂದು ಸೇತುವೆ. 1804ರ ಹೊತ್ತಿಗೆ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಕಲ್ಲಿನ ಕಂಬದ ಮೇಲೆ ಕಟ್ಟಿದ್ದು, ವೆಲ್ಲೆಸ್ಲಿ ಸೇತುವೆ. ಜೊತೆಗೆ ರಂಗನಾಥನ ದೇವಸ್ಥಾನ, ಗಂಜಾಂನ ಅಂಜೂರ, ಪಶ್ಚಿಮವಾಹಿನಿಗೆ ಬರೋ ಜನ. ಯಾವುದೂ ದೊಡ್ಡ ದುಡ್ಡಲ್ಲ, ಆದ್ರೆ ಯಾವುದೂ ಒಟ್ಟಿಗೆ ನಿಲ್ಲಲಿಲ್ಲ. ಇವತ್ತು ಅಲ್ಲಿ ಸುಮಾರು 25 ಸಾವಿರ ಜನ ಇದ್ದಾರೆ.

ಆದ್ರೂ ಪಾಠ ಮುಗಿದಿಲ್ಲ. ಕೆಆರ್‌ಎಸ್‌ನಿಂದ ಲಕ್ಷ ಕ್ಯೂಸೆಕ್ ನೀರು ಬಿಟ್ಟಾಗ ರಂಗನತಿಟ್ಟಿನ ಬೋಟ್ ನಿಲ್ಲುತ್ತೆ, ಬೋಟ್ ನಿಂತ್ರೆ ಎಳನೀರು, ಕಡ್ಲೆಕಾಯಿ ಮಾರೋರಿಗೂ ರಜೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲದಕ್ಕೂ ಬೈಪಾಸ್. ನಮಗೆಲ್ಲ ಖುಷಿ, ಬೇಗ ಹೋಗ್ತೀವಿ. ಆದ್ರೆ ಹಳೇ ರಸ್ತೆ ಪಕ್ಕ ವಡೆ, ಬೊಂಬೆ, ಕಾಫಿ ನಂಬಿಕೊಂಡಿದ್ದವರಿಗೆ ರಸ್ತೆನೇ ಹೊಳೆ ಆಗಿತ್ತು. ಆ ಹೊಳೆ ಪಾತ್ರ ಬದಲಾಯಿಸಿಬಿಡ್ತು.

ಇಲ್ಲಿಗೆ ಬಂದಾಗ ನನಗೆ ನಮ್ಮೂರು ನೆನಪಾಗುತ್ತೆ. ಬೆಳ್ಳೂರು ಕ್ರಾಸೂ ಒಂದು ದ್ವೀಪನೇ, ಸುತ್ತ ನೀರಿನ ಬದಲು ಹೈವೇ. ನಮ್ಮ ಮಾವ ಅಲ್ಲಿ ಸಣ್ಣ ಟೀ ಹೋಟೆಲ್ ಇಟ್ಟಿದ್ರು. 2020ರ ಲಾಕ್‌ಡೌನ್‌ನಲ್ಲಿ ಒಂದು ಗಾಡಿ ಇಲ್ಲ, ಒಂದು ಗ್ಲಾಸ್ ಟೀ ಇಲ್ಲ. ಮನೆ ನಡೆಸಿದ್ದು ಅತ್ತೆ ಸಾಕಿದ್ದ ಎರಡು ಹಸು. ಡೇರಿ ಬಟವಾಡೆ ನಿಲ್ಲಲಿಲ್ಲ. "ಸಗಣಿ ಬಾಚೋದು ಬಿಟ್ಟು ಹೋಟೆಲ್ ನೋಡ್ಕೊಳೆ" ಅಂತಿದ್ದ ಮಾವ, ಆ ಮೂರು ತಿಂಗಳು ಅವರೇ ಹುಲ್ಲು ಕೊಯ್ಕೊಂಡು ಬರ್ತಿದ್ರು.

ಅದೇ ಮೇ ತಿಂಗಳಲ್ಲಿ ಇನ್ನೊಂದು ನಡೀತು, ನಿಮಗೂ ನೆನಪಿರುತ್ತೆ. ಕೆ.ಆರ್. ಪೇಟೆ, ನಾಗಮಂಗಲ ಕಡೆಯ ಎಷ್ಟೋ ಮನೆಗಳಿಗೆ ಮುಂಬೈನೇ ಅನ್ನದ ತಟ್ಟೆ. ಅಲ್ಲಿ ಕೆಲಸ ನಿಂತಾಗ ಜನ ಊರಿಗೆ ಬಂದ್ರು, ಜೊತೆಗೆ ಸೋಂಕೂ ಬಂತು, ಮಂಡ್ಯ ಜಿಲ್ಲೆ ದಿನಾ ಸುದ್ದೀಲಿತ್ತು. ನಮ್ಮ ಚಿಕ್ಕಪ್ಪನ ಮಗನೂ ಬಂದ. ಹದಿನಾಲ್ಕು ದಿನ ಹಾಸ್ಟೆಲ್‌ನಲ್ಲಿ ಕ್ವಾರಂಟೈನ್ ಮುಗಿಸಿ, ನೆಗೆಟಿವ್ ಅಂತ ಗೊತ್ತಾದ ಮೇಲೆ ಮನೆಗೆ ಬಂದ್ರೆ, ಬೀದೀಲಿ ಯಾರೂ ಮಾತಾಡಿಸಲ್ಲ. ಅವನು ಕಳಿಸಿದ ದುಡ್ಡಲ್ಲಿ ದೇವಸ್ಥಾನಕ್ಕೆ ಸುಣ್ಣ ಬಳಿದಿದ್ದ ಊರು ಅದು. ಎದುರು ಮನೆ ಅಜ್ಜಿ ಒಬ್ಬರು ಮಾತ್ರ ಮೂರನೇ ದಿನ ಮುದ್ದೆ, ಬಸ್ಸಾರು ತಂದು ಜಗಲಿ ಮೇಲಿಟ್ಟು, "ಉಣ್ಣು ಮಗ, ನಮ್ಮೂರೋನೇ ತಾನೆ ನೀನು" ಅಂದ್ರು. ಅವನು ಅತ್ತಿದ್ದು ನಾನು ನೋಡಿದ್ದು ಅದೇ ಮೊದಲು. ಮುಂಬೈ ಕೈಬಿಟ್ಟಾಗ ಅಳದೇ ಇದ್ದೋನು.

ಅದಕ್ಕೇ ಹೇಳ್ತೀನಿ, ಎರಡು ಹಸು ಎಷ್ಟು ಮುಖ್ಯವೋ ಆ ಅಜ್ಜಿನೂ ಅಷ್ಟೇ ಮುಖ್ಯ. ದುಡ್ಡಿನ ಕಾಲು ಎಷ್ಟಿದ್ರೂ, ಊರು ಮುಖ ತಿರುಗಿಸಿದ್ರೆ ಮನುಷ್ಯ ನಿಲ್ಲಲ್ಲ. ನಮ್ಮ ಹಿರಿಯರಿಗೆ ಮುಯ್ಯಾಳು ಅಂತ ಒಂದು ಪದ್ಧತಿ ಇತ್ತು. ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಮಾರಿಷಸ್‌ನ ದಡದಲ್ಲಿ ಕೂತು ತರಗು ತುಂಬಿದ್ದೂ ಮುಯ್ಯಾಳೇ.

ಕೆಲಸ ಬಿಡಿ, ಹೋಟೆಲ್ ಮುಚ್ಚಿ, ಬೆಂಗಳೂರು ಬಿಟ್ಟು ಬನ್ನಿ ಅಂತ ನಾನು ಹೇಳಲ್ಲ. ಕ್ಯಾಬ್ ಓಡಿಸ್ತಿದ್ರೆ ಓಡ್ಸಿ, ಕಬ್ಬು ಹಾಕ್ತಿದ್ರೆ ಹಾಕಿ. ಇವತ್ತು ರಾತ್ರಿ ಊಟ ಮಾಡುವಾಗ ಮನೆಯವರ ಜೊತೆ ಮೂರು ಪ್ರಶ್ನೆ ಕೇಳ್ಕೊಳ್ಳಿ. ನಮ್ಮ ಮನೆ ಯಾವುದರ ಮೇಲೆ ನಿಂತಿದೆ? ಅದು ನಾಳೆ ನಿಂತ್ರೆ ಎಷ್ಟು ತಿಂಗಳು ತಡ್ಕೋತೀವಿ? ಆಗ ನಮ್ಮ ಜಗಲಿಗೆ ಮುದ್ದೆ ತರೋರು ಯಾರು, ನಾವು ಯಾರ ಜಗಲಿಗೆ ತಗೊಂಡು ಹೋಗಿದ್ದೀವಿ?

ಉತ್ತರ ಸಿಕ್ಕಿದ್ರೆ ನಮಗೊಂದು ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ಸಲ ಶ್ರೀರಂಗಪಟ್ಟಣದ ಸೇತುವೆ ಮೇಲೆ ಬಸ್ ಹೋಗುವಾಗ ಒಂದು ನಿಮಿಷ ಫೋನ್ ಕೆಳಗಿಟ್ಟು ಹೊಳೆ ನೋಡಿ.