ಏಳು ದೇವಿಯರನ್ನು ಕರೆಯುವ ಹಾಡು
(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಇವತ್ತು ಒಂದು ಹಾಡಿನ ವಿಷಯ ಹೇಳುತ್ತೇನೆ. ಅದನ್ನು ಕಟ್ಟಿದವರು ಅಮೆರಿಕದ ಲೇಖಕಿ ಡೀನಾ ಮೆಟ್ಜ್‌ಗರ್. ಅಲ್ಲಿನ ಮಹಿಳಾ ಕೂಟಗಳಲ್ಲಿ ಹೆಂಗಸರು ಅದನ್ನು ಗುಂಪಾಗಿ ಹಾಡುತ್ತಾರೆ. ಹಾಡಿನಲ್ಲಿರುವುದು ಏಳು ದೇವಿಯರ ಹೆಸರು, ಅಷ್ಟೇ. ಈಜಿಪ್ಟಿನ ಐಸಿಸ್, ಗ್ರೀಕರ ಡಿಮೀಟರ್, ರೋಮನರ ಡಯಾನಾ, ಇವರ ಜೊತೆಗೆ ನಮ್ಮ ಕಾಳಿಯೂ ಇದ್ದಾಳೆ.

ದೇವಿಯ ಹೆಸರು ಕೂಗಿದರೆ ಗಂಡನ ಹೊಡೆತ ನಿಲ್ಲುತ್ತದೆಯೇ ಎಂದು ನೀವು ಕೇಳಬಹುದು. ನಿಲ್ಲುವುದಿಲ್ಲ. ಶುಕ್ರವಾರ ಲಕ್ಷ್ಮಿಗೆ ಆರತಿ ಎತ್ತುವ ಮನೆಯಲ್ಲೇ ಸೊಸೆಯನ್ನು "ತವರಿಂದ ಏನು ತಂದೆ?" ಎಂದು ಹಂಗಿಸುವುದನ್ನು ನಾವು ಕಂಡಿಲ್ಲವೇ? ಆದರೂ ಆ ಏಳರಲ್ಲಿ ಒಬ್ಬಳ ಕಥೆ ನಾವು ತಿಳಿಯಬೇಕಾದದ್ದು.

ಆಕೆ ಇನಾನ್ನ, ಈಗಿನ ಇರಾಕಿನಲ್ಲಿದ್ದ ಸುಮೇರಿಯನ್ನರ ದೇವಿ. ೩,೫೦೦ ವರ್ಷಗಳಿಗೂ ಹಿಂದೆ ಮಣ್ಣಿನ ಹಲಗೆಗಳ ಮೇಲೆ ಆಕೆಯ ಕಥೆ ಬರೆದಿಟ್ಟಿದ್ದಾರೆ. ಇನಾನ್ನ ತನ್ನ ಅಕ್ಕ ಆಳುವ ಪಾತಾಳಕ್ಕೆ ಹೋಗುತ್ತಾಳೆ. ದಾರಿಯಲ್ಲಿ ಏಳು ಬಾಗಿಲು. ಒಂದೊಂದು ಬಾಗಿಲಲ್ಲೂ ಒಂದೊಂದು ಕಳಚಿಸುತ್ತಾರೆ: ಕಿರೀಟ, ಕೊರಳ ಮಣಿ, ಕೈಬಳೆ, ಕೊನೆಗೆ ಮೈಮೇಲಿನ ಬಟ್ಟೆ. ಬರಿಮೈಯಲ್ಲಿ ಒಳಗೆ ಹೋದವಳನ್ನು ಕೊಂದು ಗೂಟಕ್ಕೆ ತೂಗುಹಾಕುತ್ತಾರೆ.

ಹೊರಡುವ ಮುನ್ನ ಆಕೆ ತನ್ನ ಸಂಗಾತಿ ನಿನ್‌ಶುಬೂರಳಿಗೆ ಒಂದು ಮಾತು ಹೇಳಿರುತ್ತಾಳೆ: ನಾನು ಬಾರದಿದ್ದರೆ ಗೋಳಿಡು, ನಗಾರಿ ಬಾರಿಸು, ದೇವರುಗಳ ಮನೆಬಾಗಿಲಿಗೆ ಹೋಗು. ಮೂರು ದಿನ ಕಳೆದ ಮೇಲೆ ನಿನ್‌ಶುಬೂರ ಹಾಗೇ ಮಾಡುತ್ತಾಳೆ. ಮೊದಲಿನ ಇಬ್ಬರು ದೇವರು "ತಾನಾಗಿ ಹೋದಳು, ನಾವೇನು ಮಾಡೋಣ" ಎಂದು ಕೈಚೆಲ್ಲುತ್ತಾರೆ. ಮೂರನೆಯವನು ಜೀವ ಕೊಡುವ ಅನ್ನ, ನೀರು ಕಳಿಸುತ್ತಾನೆ. ಇನಾನ್ನ ಎದ್ದು ಬರುತ್ತಾಳೆ.

ದೇವಿಯಾದರೂ ಒಬ್ಬಳೇ ಮರಳಲಾಗಲಿಲ್ಲ, ನೋಡಿ. ಎರಡು ಬಾಗಿಲು ಮುಚ್ಚಿದರೂ ಮೂರನೆಯದನ್ನು ತಟ್ಟಿದ ಒಬ್ಬ ಗೆಳತಿಯಿಂದ ಆಕೆ ಬದುಕಿದಳು. ನಮ್ಮ ಹೆಣ್ಣುಮಕ್ಕಳಿಗೂ ತವರಿನಲ್ಲಿ "ಹೊಂದಿಕೊಂಡು ಹೋಗು" ಎನ್ನುತ್ತಾರೆ. ಠಾಣೆಯಲ್ಲಿ "ಇದು ಮನೆ ಜಗಳ" ಎನ್ನುತ್ತಾರೆ. ಅಲ್ಲಿಗೇ ನಿಲ್ಲಬೇಕೇ? ೨೦೦೫ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ೨೦೦೬ರಿಂದ ಜಾರಿಯಲ್ಲಿದೆ. ಅದರ ೪ನೇ ಕಲಮಿನ ಪ್ರಕಾರ ಏಟು ತಿಂದವಳೇ ಹೋಗಬೇಕೆಂದಿಲ್ಲ. ದೌರ್ಜನ್ಯ ನಡೆದಿದೆ, ನಡೆಯುತ್ತಿದೆ ಅಥವಾ ನಡೆಯಬಹುದು ಎಂದು ನಂಬಲು ಕಾರಣವಿರುವ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಬರುವುದಿಲ್ಲ.

ಗುಂಪಿನಲ್ಲಿ ಹಾಡುವಾಗ ಒಬ್ಬಳು ಉಸಿರು ಎಳೆದುಕೊಳ್ಳಲು ನಿಂತರೆ ಪಕ್ಕದವಳು ದನಿ ಹಿಡಿದಿರುತ್ತಾಳೆ. ಹಾಡು ನಿಲ್ಲುವುದಿಲ್ಲ. ಸಂಘವೂ ಹಾಗಿರಬೇಕು. ಸದಸ್ಯೆಯೊಬ್ಬಳು ಎರಡು ವಾರ ಸಭೆಗೆ ಬಾರದಿದ್ದರೆ ಪುಸ್ತಕದಲ್ಲಿ "ಗೈರುಹಾಜರಿ" ಎಂದು ಬರೆದು ಸುಮ್ಮನಾಗಬೇಡಿ. ನಾಲ್ಕು ಜನ ಕೂಡಿ ಅವಳ ಮನೆಗೆ ಹೋಗಿ. ನಾನು ಬಾರದಿದ್ದರೆ ಯಾರು ಬರುತ್ತೀರಿ ಎಂದು ಪ್ರತಿಯೊಬ್ಬಳೂ ಇಂದೇ ಕೇಳಿಟ್ಟುಕೊಳ್ಳಲಿ.

ದೇವಿಯರ ಹೆಸರು ಮರೆತರೆ ಚಿಂತೆಯಿಲ್ಲ. ನಿನ್‌ಶುಬೂರಳ ಕೆಲಸ ಮರೆಯಬೇಡಿ.