ಬಿಸಿಲ ನಾಡಿನ ಔಷಧಿ ಅಂಗಡಿ



ಔಷಧಿಯ ಶತ್ರು ಯಾವುದೆಂದು ಕೇಳಿದರೆ ಮಲೆನಾಡಿನವರು ತೇವವೆನ್ನುತ್ತಾರೆ. ಆಷಾಢದ ಮಳೆಯಲ್ಲಿ ಡಬ್ಬಿಯ ಮುಚ್ಚಳ ಸಡಿಲವಾಗಿ ಉಳಿದರೆ ಆಸ್ಪಿರಿನ್ ಮಾತ್ರೆಯಿಂದ ವಿನೆಗರ್‌ನಂಥ ಹುಳಿವಾಸನೆ ಏಳುತ್ತದೆ. ಮಾತ್ರೆ ವಿಭಜನೆಗೊಂಡು ಅಸಿಟಿಕ್ ಆಮ್ಲ ಹೊರಬಿದ್ದುದರ ಕುರುಹು ಅದು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಶತ್ರು ಬೇರೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಅಲ್ಲಿ ಹಗಲಿನ ತಾಪಮಾನ 40 ಡಿಗ್ರಿ ದಾಟುವುದು ವಾಡಿಕೆ. ಅನೇಕ ಗುಳಿಗೆಗಳ ಪೊಟ್ಟಣದ ಮೇಲೆ ಮುದ್ರಿತವಾಗಿರುವುದಾದರೋ 30 ಡಿಗ್ರಿ ಮೀರದ ಸ್ಥಳದಲ್ಲಿ ಇಡತಕ್ಕದ್ದೆಂಬ ಸೂಚನೆ. ಕೆಲವಕ್ಕೆ 25 ಡಿಗ್ರಿಯೇ ಮಿತಿ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಅವಧಿ ಮುಗಿಯುವ ದಿನಾಂಕವೆಂಬುದು ಷರತ್ತಿಗೆ ಒಳಪಟ್ಟ ಭರವಸೆ. ಹೇಳಿದ ತಾಪದಲ್ಲಿ ಇಟ್ಟರೆ ಮಾತ್ರ ಔಷಧವು ಆ ದಿನದವರೆಗೆ ತನ್ನ ಶಕ್ತಿಯನ್ನು ಉಳಿಸಿಕೊಳ್ಳುತ್ತದೆ. ತಗಡಿನ ಛಾವಣಿಯ ಕೆಳಗೆ ಎರಡು ಬೇಸಿಗೆ ಕಳೆದ ಗುಳಿಗೆಗೂ ಗೋಡೆ ದಪ್ಪವಿರುವ ತಂಪು ಕೋಣೆಯ ಗುಳಿಗೆಗೂ ಒಂದೇ ದಿನಾಂಕವಿರುತ್ತದೆ, ಗುಣ ಒಂದೇ ಇರಬೇಕೆಂದಿಲ್ಲ. ದಿನಾಂಕ ನೋಡಿ ಕೊಳ್ಳಿರೆಂದು ಗ್ರಾಹಕನಿಗೆ ಉಪದೇಶಿಸುವವರು ಈ ಮಾತನ್ನು ಏಕೋ ಹೇಳುವುದಿಲ್ಲ.

ಇನ್ಸುಲಿನ್ನಿನ ಸ್ಥಿತಿ ಇನ್ನೂ ಸೂಕ್ಷ್ಮವಾದುದು. ತೆರೆಯದ ಸೀಸೆಯನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ನಿಷ್ಪ್ರಯೋಜಕ. ಆದುದರಿಂದ ಅದನ್ನು ಫ್ರಿಜ್ಜಿನ ಮಂಜಿನ ಕೋಣೆಯ ಬಳಿ ಇಡಲಾಗದು. ಹೆರಿಗೆಯ ನಂತರದ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದಿಗೂ 2ರಿಂದ 8 ಡಿಗ್ರಿಯ ತಂಪೇ ಬೇಕು. ವಿದ್ಯುತ್ ಬಿಲ್ಲಿನ ಭಯದಿಂದ ರಾತ್ರಿ ಫ್ರಿಜ್ ಆರಿಸುವ ಅಂಗಡಿಯಲ್ಲಿ ಈ ಔಷಧಗಳು ಹೊರನೋಟಕ್ಕೆ ಹಾಗೆಯೇ ಇರುತ್ತವೆ. ಶಕ್ತಿ ಕುಂದಿದ ಚುಚ್ಚುಮದ್ದಿನಿಂದ ಬಾಣಂತಿಯ ರಕ್ತ ನಿಲ್ಲದೆ ಹೋದಾಗ ದೋಷ ಫ್ರಿಜ್ಜಿನದೆಂದು ಯಾರಿಗೂ ಹೊಳೆಯುವುದಿಲ್ಲ.

ಅಂಗಡಿ ಸರಿಯಿದ್ದರೂ ದಾರಿ ಉಳಿಯಿತು. ಮಧ್ಯಾಹ್ನ ಜೇವರ್ಗಿಯಲ್ಲಿ ಕೊಂಡ ಇನ್ಸುಲಿನ್ ಮೋಟಾರು ಸೈಕಲ್ಲಿನ ಡಿಕ್ಕಿಯಲ್ಲಿ ಹಳ್ಳಿಗೆ ಹೋಗುತ್ತದೆ. ಮನೆಯಲ್ಲಿ ಫ್ರಿಜ್ ಇಲ್ಲದವರಿಗೆ ಮಣ್ಣಿನ ಮಡಕೆ ಮತ್ತು ಒದ್ದೆ ಬಟ್ಟೆಯ ಉಪಾಯವಿದೆ. ಒಣಗಾಳಿಯಲ್ಲಿ ನೀರು ಬೇಗ ಆವಿಯಾಗುವುದರಿಂದ ಕಲಬುರಗಿಯ ಬೇಸಿಗೆಯಲ್ಲಿ ಮಡಕೆ ಚೆನ್ನಾಗಿ ತಂಪಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅದೇ ಮಡಕೆ ಹೆಚ್ಚೇನೂ ಮಾಡಲಾರದು. ಮಡಕೆಯೂ ಫ್ರಿಜ್ಜಿಗೆ ಸಮವಲ್ಲ, ಬಳಕೆಯಲ್ಲಿರುವ ಸೀಸೆಗಷ್ಟೇ ಅದು ಆಸರೆ.

ಕಾನೂನಿನಲ್ಲಿ ಕೊರತೆಯಿಲ್ಲ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯಿದೆ, 1945ರ ನಿಯಮಗಳು, 1948ರ ಫಾರ್ಮಸಿ ಕಾಯಿದೆ ಇವೆ. ಚಿಲ್ಲರೆ ಅಂಗಡಿಗೆ ಕನಿಷ್ಠ 10 ಚದರ ಮೀಟರ್ ಜಾಗ, ನೋಂದಾಯಿತ ಫಾರ್ಮಾಸಿಸ್ಟರ ಮೇಲ್ವಿಚಾರಣೆ ಕಡ್ಡಾಯ. ಗೋಡೆಗೆ ಪ್ರಮಾಣಪತ್ರ ನೇತುಹಾಕಿ ಫಾರ್ಮಾಸಿಸ್ಟ್ ಬೇರೆಲ್ಲೋ ಇದ್ದರೆ ಮೇಲ್ವಿಚಾರಣೆ ಕಾಗದದ ಮೇಲಿನದು. 2014ರಿಂದ ಜಾರಿಯಲ್ಲಿರುವ ಎಚ್-1 ಅನುಸೂಚಿಯಂತೆ ಕೆಲವು ಪ್ರಬಲ ಪ್ರತಿಜೀವಕಗಳು ಹಾಗೂ ಕ್ಷಯದ ಔಷಧಗಳ ಮಾರಾಟದಲ್ಲಿ ವೈದ್ಯರ ಮತ್ತು ರೋಗಿಯ ಹೆಸರು, ಔಷಧದ ಪ್ರಮಾಣವನ್ನು ಪ್ರತ್ಯೇಕ ದಫ್ತರದಲ್ಲಿ ಬರೆದು 3 ವರ್ಷ ಕಾಯ್ದಿಡಬೇಕು.

ಕಾರ್ಖಾನೆಯಲ್ಲೇ ಕೆಟ್ಟ ಔಷಧವನ್ನು ಅಂಗಡಿಯವರು ಕಣ್ಣಿನಿಂದ ಕಂಡುಹಿಡಿಯಲಾರರು. 2024ರ ನವೆಂಬರಿನಲ್ಲಿ ಬಳ್ಳಾರಿಯ ಬಾಣಂತಿಯರ ಸಾವಿನ ನಂತರ ರಿಂಗರ್ಸ್ ಲ್ಯಾಕ್ಟೇಟ್ ಎಂಬ ಸಲೈನಿನ ಗುಣಮಟ್ಟ ಪ್ರಶ್ನೆಗೆ ಒಳಗಾಯಿತು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಮಕ್ಕಳ ಪ್ರಾಣ ತೆಗೆದ ಕೆಮ್ಮಿನ ಸಿರಪ್ಪಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಶೇ. 48.6ರಷ್ಟಿತ್ತು, ಮಿತಿಯಿರುವುದು ಶೇ. 0.1. ಇಂಥ ಸಿರಪ್ಪನ್ನು ಹಿಂಪಡೆಯುವ ಆದೇಶ ಬಂದಾಗ, ಆಳಂದದ ಅಂಗಡಿಯಿಂದ ಅದು ಯಾವ ಮನೆಗೆ ಹೋಯಿತೆಂದು ಹೇಳಬಲ್ಲದ್ದು ಬ್ಯಾಚ್ ಸಂಖ್ಯೆ ಬರೆದ ರಸೀದಿಯೊಂದೇ. ಬಿಡಿ ಗುಳಿಗೆಗಳನ್ನು ಕತ್ತರಿಸಿ ಕಾಗದದಲ್ಲಿ ಸುತ್ತಿ ಕೊಟ್ಟಲ್ಲಿ ಆ ಸಂಖ್ಯೆ ಬಹುತೇಕ ಅಂಗಡಿಯಲ್ಲೇ ಉಳಿಯುತ್ತದೆ. ಕೂಲಿಯ ಹಣದಲ್ಲಿ ನಾಲ್ಕೇ ಗುಳಿಗೆ ಕೊಳ್ಳುವವರನ್ನು ಇದಕ್ಕಾಗಿ ದೂಷಿಸುವುದು ನ್ಯಾಯವಲ್ಲ. ನಾಲ್ಕು ಗುಳಿಗೆಗೂ ಚೀಟಿ ಬರೆದುಕೊಡುವುದು ಅಂಗಡಿಯ ಹೊಣೆ.

ಅವಧಿ ಮೀರಿದ ಸರಕನ್ನು ಬೇರೆಯಾಗಿಟ್ಟು "ಮಾರಾಟಕ್ಕಲ್ಲ" ಎಂದು ಬರೆಯಬೇಕು. ಅದು ಭೀಮೆಯ ದಂಡೆಯ ತಿಪ್ಪೆಗೆ ಹೋಗಕೂಡದು, ಸಗಟು ವ್ಯಾಪಾರಿಯ ಮೂಲಕ ಕಂಪನಿಗೆ ಮರಳಬೇಕು.

ಔಷಧ ಪರಿವೀಕ್ಷಕರು ಪರವಾನಗಿ, ಖರೀದಿ ಬಿಲ್ಲು, ದಫ್ತರ ಕೇಳುತ್ತಾರೆ. ಊರಿನವರು ಕೇಳಬಹುದಾದದ್ದು ಇನ್ನೊಂದಿದೆ. ಕಪಾಟಿನ ಪಕ್ಕದಲ್ಲೊಂದು, ಫ್ರಿಜ್ಜಿನಲ್ಲೊಂದು ತಾಪಮಾಪಕ. ಮುಂದಿನ ಏಪ್ರಿಲ್ ಒಂದರಿಂದ ಮೇ ಮುಗಿಯುವವರೆಗೆ ಪ್ರತಿದಿನ ಮಧ್ಯಾಹ್ನ ಮೂರು ಗಂಟೆಗೆ ಎರಡರ ಅಂಕಿಗಳನ್ನೂ ಒಂದು ನೋಟುಪುಸ್ತಕದಲ್ಲಿ ಬರೆದಿಡಲು ಅಂಗಡಿಯವರು ಒಪ್ಪಿದರೆ, ಬರೆಯುವ ಕೆಲಸವನ್ನು ಆ ತಾಲ್ಲೂಕುಗಳ ಕಾಲೇಜು ವಿದ್ಯಾರ್ಥಿಗಳೇ ಮಾಡಬಲ್ಲರು. ಮಳೆಗಾಲದಲ್ಲಿ ಮಲೆನಾಡಿನ ವಿದ್ಯಾರ್ಥಿಗಳು ತೇವಾಂಶದ ಅಂಕಿಗಳನ್ನು ಹೀಗೆಯೇ ಬರೆದರೆ ಎರಡು ಪುಸ್ತಕಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬಹುದು.