ತಂಡ ತೊರೆದವರಿಗೆ ಮತ್ತೊಂದು ಅವಕಾಶ

ಕಾಲೇಜು ತಂಡವೊಂದಕ್ಕೆ ಆಡಲು ಒಪ್ಪಿ, ಆ ಒಪ್ಪಿಗೆಯ ಬಲದಿಂದಲೇ ವಿದ್ಯಾರ್ಥಿವೇತನ ಪಡೆದು, ಆಮೇಲೆ ನಡುವೆಯೇ ಆಟವನ್ನು ತೊರೆದ ವಿದ್ಯಾರ್ಥಿಗೆ ಮತ್ತೆ ಬಾಗಿಲು ತೆರೆಯಬೇಕೇ ಎಂಬ ಪ್ರಶ್ನೆ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಮತ್ತೆ ಮತ್ತೆ ಏಳುತ್ತಲೇ ಇರುತ್ತದೆ. ಕರ್ನಾಟಕದ ಕೇಳುಗರಿಗೆ ಇದರ ತೂಕ ಕೂಡಲೇ ಅರಿವಾಗದಿದ್ದರೆ ಆಶ್ಚರ್ಯವಿಲ್ಲ. ಇಲ್ಲಿ ವೃತ್ತಿಶಿಕ್ಷಣದ ಪ್ರವೇಶದಲ್ಲಿ ಕ್ರೀಡಾ ಕೋಟಾ ಇದೆಯಾದರೂ ಅದು ಹಿಂದೆ ಗಳಿಸಿದ ಪದಕ, ಪ್ರಮಾಣಪತ್ರಗಳನ್ನು ನೋಡಿ ಕೊಡುವ ಸೀಟು; ಅಮೆರಿಕದ ಕ್ರೀಡಾ ವಿದ್ಯಾರ್ಥಿವೇತನವಾದರೋ ಮುಂದೆ ಆಡಲಿರುವ ಆಟವನ್ನು ನಂಬಿ ಕೊಡುವ ನೆರವು. ಬೋಧನಾ ಶುಲ್ಕ, ಹಾಸ್ಟೆಲ್ಲಿನ ಕೊಠಡಿ, ಊಟ, ಪುಸ್ತಕಗಳ ಖರ್ಚು ಇವೆಲ್ಲ ಪೂರ್ಣ ವಿದ್ಯಾರ್ಥಿವೇತನದಲ್ಲಿ ಸೇರುತ್ತವೆ. ಆದುದರಿಂದ ಅಲ್ಲಿ ತಂಡ ಬಿಡುವುದೆಂದರೆ ಸಂಜೆಯ ಮೈದಾನವನ್ನು ಬಿಡುವುದಷ್ಟೇ ಅಲ್ಲ, ಎಷ್ಟೋ ಮನೆಗಳ ಮಕ್ಕಳಿಗೆ ಓದನ್ನೇ ಅಪಾಯಕ್ಕೆ ಒಡ್ಡಿದಂತೆ.

ಈ ವ್ಯವಸ್ಥೆಯನ್ನು ನಡೆಸುವ ಮುಖ್ಯ ಸಂಸ್ಥೆ ಎನ್‌ಸಿಎಎ, ಅಂದರೆ ರಾಷ್ಟ್ರೀಯ ಕಾಲೇಜು ಅಥ್ಲೆಟಿಕ್ ಸಂಘ. ಅಮೆರಿಕನ್ ಫುಟ್‌ಬಾಲ್ ಕಣದಲ್ಲಿ ಸಂಭವಿಸುತ್ತಿದ್ದ ಸಾವುಗಳನ್ನು ತಡೆಯುವ ಒತ್ತಾಯದಿಂದ 1906ರಲ್ಲಿ ಹುಟ್ಟಿ, 1910ರಲ್ಲಿ ಈಗಿನ ಹೆಸರನ್ನು ಪಡೆದ ಈ ಸಂಸ್ಥೆಯ ಅಡಿಯಲ್ಲಿ ಇಂದು ಐದು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ಆಡುತ್ತಾರೆ. ಆಟದ ಆಧಾರದ ಮೇಲೆ ವಿದ್ಯಾರ್ಥಿವೇತನ ಕೊಡಲು ಅದು ಒಪ್ಪಿಗೆ ನೀಡಿದ್ದು 1956ರಲ್ಲಿ. ಹನ್ನೊಂದು ವರ್ಷಗಳ ಬಳಿಕ, 1967ರಲ್ಲಿ, ತಾನಾಗಿಯೇ ತಂಡ ಬಿಟ್ಟವನ ನೆರವನ್ನು ವಿಶ್ವವಿದ್ಯಾಲಯ ನಿಲ್ಲಿಸಬಹುದೆಂಬ ನಿಯಮ ಬಂತು. 1973ರಲ್ಲಿ ನಾಲ್ಕು ವರ್ಷಗಳ ವಿದ್ಯಾರ್ಥಿವೇತನವೇ ರದ್ದಾಗಿ, ವರ್ಷವರ್ಷವೂ ನವೀಕರಿಸಬೇಕಾದ ಒಂದು ವರ್ಷದ ನೆರವು ಅದರ ಸ್ಥಾನಕ್ಕೆ ಬಂತು. ಈ ಎರಡು ತಿದ್ದುಪಡಿಗಳನ್ನು ಜೊತೆಗಿಟ್ಟು ನೋಡಿದಾಗಲೇ ಒಪ್ಪಂದದ ನಿಜವಾದ ಸ್ವರೂಪ ಕಾಣುವುದು. ವಿದ್ಯಾರ್ಥಿ ನಡುವೆ ಬಿಟ್ಟರೆ ಅದು ಮಾತಿಗೆ ತಪ್ಪಿದಂತೆ. ವಿಶ್ವವಿದ್ಯಾಲಯ ವರ್ಷದ ಕೊನೆಗೆ ಅವನನ್ನು ಬಿಟ್ಟರೆ ಅದು ನಿಯಮಾನುಸಾರ ನಡೆದಂತೆ. ಸುಮಾರು ನಾಲ್ಕು ದಶಕಗಳವರೆಗೆ ಹೀಗೆಯೇ ನಡೆಯಿತು. 2012ರಿಂದ ಹಲವು ವರ್ಷಗಳ ವಿದ್ಯಾರ್ಥಿವೇತನಕ್ಕೆ ಮತ್ತೆ ಅವಕಾಶವಾಯಿತು. 2015ರ ಜನವರಿಯಲ್ಲಿ ಐದು ದೊಡ್ಡ ಕ್ರೀಡಾ ಒಕ್ಕೂಟಗಳ ವಿಶ್ವವಿದ್ಯಾಲಯಗಳು, ಆಟ ಚೆನ್ನಾಗಿಲ್ಲ ಎಂಬ ಕಾರಣಕ್ಕೆ ನೆರವು ಕಿತ್ತುಕೊಳ್ಳಬಾರದೆಂದು ತೀರ್ಮಾನಿಸಿದವು. ಅಷ್ಟಾದರೂ ಸ್ವಂತ ಕಾರಣಕ್ಕೆ ತಂಡ ಬಿಟ್ಟವರ ನೆರವನ್ನು ನಿಲ್ಲಿಸುವ ಅಧಿಕಾರ ವಿಶ್ವವಿದ್ಯಾಲಯದ ಕೈಯಲ್ಲೇ ಉಳಿಯಿತು.

ಬಿಟ್ಟುಹೋದವರನ್ನು ಮತ್ತೆ ಸೇರಿಸಬಾರದು ಎನ್ನುವವರ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ತಂಡದ ಸ್ಥಾನಗಳು ಎಣಿಕೆಯವು. ಒಬ್ಬನು ಹಿಡಿದ ಸ್ಥಾನಕ್ಕಾಗಿ ಇನ್ನೊಬ್ಬನನ್ನು ಮನೆಗೆ ಕಳುಹಿಸಲಾಗಿರುತ್ತದೆ, ಮತ್ತು ಬಿಟ್ಟವನು ಮರಳಿ ಬರುವ ಹೊತ್ತಿಗೆ ಆ ಸ್ಥಾನದಲ್ಲಿ ಬೇರೊಬ್ಬನು ಬೆವರು ಸುರಿಸಿ ನಿಂತಿರುತ್ತಾನೆ. ಇದಲ್ಲದೆ ಎನ್‌ಸಿಎಎ ಪ್ರತಿ ತಂಡದ ಓದಿನ ಪ್ರಗತಿಗೂ ಒಂದು ಲೆಕ್ಕ ಇಟ್ಟಿದೆ: ನೆರವು ಪಡೆಯುವ ಪ್ರತಿ ವಿದ್ಯಾರ್ಥಿಯೂ ಪ್ರತಿ ಅವಧಿಯಲ್ಲಿ ಅರ್ಹತೆ ಉಳಿಸಿಕೊಂಡರೆ ಒಂದು ಅಂಕ, ಕಾಲೇಜಿನಲ್ಲೇ ಮುಂದುವರಿದರೆ ಇನ್ನೊಂದು ಅಂಕ; ಒಟ್ಟು ಲೆಕ್ಕ 1000ಕ್ಕೆ 930ಕ್ಕಿಂತ ಕೆಳಗಿಳಿದರೆ ಇಡೀ ತಂಡವೇ ಕೊನೆಯ ಪಂದ್ಯಾವಳಿಯಿಂದ ಹೊರಗುಳಿಯಬೇಕಾಗಬಹುದು. ಓದು ಕೆಡಿಸಿಕೊಂಡು ಕಾಲೇಜನ್ನೇ ಬಿಟ್ಟುಹೋದವನು ಹೀಗೆ ಜೊತೆಗಾರರ ಮೇಲೂ ಹೊರೆ ಹೊರಿಸಿ ಹೋಗಿರುತ್ತಾನೆ. ಋತುವಿನ ನಡುವೆ, ಯಾರಿಗೂ ಹೇಳದೆ, ಸೋಲು ಕಣ್ಣೆದುರಿಗೆ ಬಂದಾಗ ಹೊರಟವನ ಬಗ್ಗೆ ಸಂಗಡಿಗರಲ್ಲಿ ಕಹಿ ಉಳಿದರೆ ಅದು ಸಣ್ಣತನವಲ್ಲ, ನ್ಯಾಯವಾದ ನೋವು.

ಆದರೆ ಬಿಡುವವರೆಲ್ಲ ಒಂದೇ ಕಾರಣಕ್ಕೆ, ಒಂದೇ ರೀತಿಯಲ್ಲಿ ಬಿಡುವುದಿಲ್ಲ. ಬಾಸ್ಕೆಟ್‌ಬಾಲ್ ಇತಿಹಾಸದ ಎರಡು ಪ್ರಸಂಗಗಳು ಇದನ್ನು ಸ್ಪಷ್ಟವಾಗಿ ತೋರಿಸುತ್ತವೆ. 1974ರಲ್ಲಿ ಲ್ಯಾರಿ ಬರ್ಡ್ ಇಂಡಿಯಾನಾ ವಿಶ್ವವಿದ್ಯಾಲಯವನ್ನು ಸೇರಿದರು. ಕಟ್ಟುನಿಟ್ಟಿಗೆ ಹೆಸರಾಗಿದ್ದ ಬಾಬ್ ನೈಟ್ ಅಲ್ಲಿನ ಕೋಚ್; ಬರ್ಡ್ ಬಂದದ್ದು ಫ್ರೆಂಚ್ ಲಿಕ್ ಎಂಬ, ಸುಮಾರು ಎರಡು ಸಾವಿರ ಜನರ ಪುಟ್ಟ ಊರಿನ ಬಡ ಕುಟುಂಬದಿಂದ. ಮೂವತ್ತು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದ ಆ ಆವರಣದಲ್ಲಿ ಕೈಯಲ್ಲಿ ಕಾಸಿಲ್ಲದೆ, ಗುರುತಿನವರಿಲ್ಲದೆ, ಅವರು ಒಂದು ತಿಂಗಳೂ ಕಳೆಯಲಿಲ್ಲ. ಅಭ್ಯಾಸದ ಋತು ಆರಂಭವಾಗುವ ಮೊದಲೇ ಊರಿಗೆ ಮರಳಿ, ಪುರಸಭೆಯ ಕಸದ ಲಾರಿಯ ಮೇಲೆ ನಿಂತು, ಹುಲ್ಲು ಕತ್ತರಿಸಿ, ರಸ್ತೆ ದುರಸ್ತಿ ಮಾಡಿ ಕೂಲಿ ಪಡೆದರು. ಆ ಅವಧಿಯಲ್ಲೇ ಅವರ ತಂದೆ ತೀರಿಕೊಂಡರು. ಅದೇ ರಾಜ್ಯದ ಇನ್ನೊಂದು, ಅಷ್ಟೇನೂ ಹೆಸರಿಲ್ಲದ ಇಂಡಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ಸಹಾಯಕ ಕೋಚ್ ಬಿಲ್ ಹಾಡ್ಜಸ್ ಊರಿಗೇ ಬಂದು, ಓದಿಗೂ ಆಟಕ್ಕೂ ಮರಳುವಂತೆ ಅವರನ್ನು ಒಲಿಸಿದರು. 1975ರಲ್ಲಿ ಸೇರಿದ ಬರ್ಡ್, ವಿಶ್ವವಿದ್ಯಾಲಯ ಬದಲಿಸಿದವರು ಒಂದು ವರ್ಷ ಪಂದ್ಯವಾಡದೆ ಕಾಯಬೇಕೆಂಬ ಅಂದಿನ ನಿಯಮಕ್ಕೆ ತಲೆಬಾಗಿ ಕಾದರು. ಆಮೇಲಿನ ಮೂರು ಋತುಗಳಲ್ಲಿ ಆ ತಂಡ 81 ಪಂದ್ಯ ಗೆದ್ದು 13ರಲ್ಲಿ ಮಾತ್ರ ಸೋತಿತು; 1979ರಲ್ಲಿ ಒಂದೂ ಸೋಲಿಲ್ಲದೆ ರಾಷ್ಟ್ರೀಯ ಫೈನಲ್‌ಗೆ ಬಂದು, ಮ್ಯಾಜಿಕ್ ಜಾನ್ಸನ್ ಇದ್ದ ಮಿಷಿಗನ್ ಸ್ಟೇಟ್ ಎದುರು 75–64ರಲ್ಲಿ ಸೋತಿತು.

ಈ ಕಥೆಯಲ್ಲಿ ಹೆಚ್ಚು ಜನರು ಗಮನಿಸದ ಒಂದು ಅಂಶವಿದೆ. ಬರ್ಡ್ ಮೊದಲು ಕಾಲೇಜು ಸೇರಿ ನಾಲ್ಕು ವರ್ಷ ತುಂಬಿದ್ದರಿಂದ 1978ರಲ್ಲೇ ವೃತ್ತಿಪರ ತಂಡಗಳು ಅವರನ್ನು ಆರಿಸಿಕೊಳ್ಳಬಹುದಾಗಿತ್ತು, ಮತ್ತು ಬೋಸ್ಟನ್ ಸೆಲ್ಟಿಕ್ಸ್ ಹಾಗೆ ಆರಿಸಿಕೊಂಡಿತು ಕೂಡ. ಹಣ ಎದುರಿಗಿದ್ದರೂ ಬರ್ಡ್ ಇನ್ನೊಂದು ವರ್ಷ ಕಾಲೇಜಿನಲ್ಲೇ ಉಳಿದು, ಆಟವನ್ನೂ ಪದವಿಯನ್ನೂ ಮುಗಿಸಿಯೇ ಹೊರಟರು. ಒಮ್ಮೆ ಬಿಟ್ಟವನು ಮತ್ತೆ ಬಿಡುತ್ತಾನೆ ಎಂಬ ಮಾತು ಮನುಷ್ಯ ಸ್ವಭಾವದ ನಿಯಮವೇನಲ್ಲ ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ನಿದರ್ಶನ ಬೇಕಿಲ್ಲ: ತನಗೆ ಒಗ್ಗದ ಜಾಗದಿಂದ ಹೊರಟವರು, ಒಗ್ಗಿದ ಜಾಗದಲ್ಲಿ, ಹೊರಡಲು ಎಲ್ಲ ಕಾರಣವಿದ್ದಾಗಲೂ ನಿಂತರು.

ಎರಡನೆಯ ಪ್ರಸಂಗ ಎಲೆನಾ ಡೆಲೆ ಡಾನ್ ಅವರದು. 2008ರಲ್ಲಿ ಪ್ರೌಢಶಾಲೆ ಮುಗಿಸಿದಾಗ ಅವರು ದೇಶದ ಬಾಲಕಿಯರಲ್ಲೇ ಅತ್ಯುತ್ತಮ ಬಾಸ್ಕೆಟ್‌ಬಾಲ್ ಪ್ರತಿಭೆ ಎನಿಸಿದ್ದರು. ಮಹಿಳಾ ಬಾಸ್ಕೆಟ್‌ಬಾಲ್‌ನಲ್ಲಿ ಸರಿಸಾಟಿಯಿಲ್ಲದ ಕನೆಕ್ಟಿಕಟ್ ವಿಶ್ವವಿದ್ಯಾಲಯ ಅವರಿಗೆ ವಿದ್ಯಾರ್ಥಿವೇತನ ಕೊಟ್ಟಿತ್ತು. ಬೇಸಿಗೆಯ ತರಗತಿಗಳಿಗೆಂದು ಅಲ್ಲಿಗೆ ಹೋದವರು ಎರಡು ದಿನಗಳಲ್ಲೇ ಡೆಲವೇರ್ ರಾಜ್ಯದ ತಮ್ಮ ಮನೆಗೆ ಮರಳಿದರು. ಬಾಲ್ಯದಿಂದ ಬಿಡುವಿಲ್ಲದೆ ಆಡಿ ಆಟದ ಮೇಲಿನ ಆಸೆಯೇ ಬತ್ತಿಹೋಗಿತ್ತು ಎಂಬುದು ಒಂದು ಕಾರಣ. ಇನ್ನೊಂದು ಅವರ ಅಕ್ಕ: ಕಣ್ಣು ಕಾಣದ, ಕಿವಿ ಕೇಳದ, ಸೆರೆಬ್ರಲ್ ಪಾಲ್ಸಿ ಎಂಬ, ಮಿದುಳಿನ ತೊಂದರೆಯಿಂದ ಅಂಗಗಳು ಹಿಡಿತಕ್ಕೆ ಸಿಗದ ಸ್ಥಿತಿಯುಳ್ಳ ಆ ಅಕ್ಕನ ಜೊತೆ ಸ್ಪರ್ಶದ ಮೂಲಕ ಮಾತ್ರ ಒಡನಾಟ ಸಾಧ್ಯವಿತ್ತು. ದೂರದ ಊರಿನಲ್ಲಿರುವ ತಂಗಿಯ ಫೋನ್ ಕರೆ, ಪತ್ರ, ಯಾವುದೂ ಅವರನ್ನು ತಲುಪುವಂತಿರಲಿಲ್ಲ. ಡೆಲೆ ಡಾನ್ ಮನೆಗೆ ಹತ್ತಿರದ ಡೆಲವೇರ್ ವಿಶ್ವವಿದ್ಯಾಲಯಕ್ಕೆ ಸೇರಿ, ಮೊದಲ ವರ್ಷ ಬಾಸ್ಕೆಟ್‌ಬಾಲ್ ಮುಟ್ಟದೆ ವಾಲಿಬಾಲ್ ಆಡಿದರು; 2009ರಲ್ಲಿ ಮನಸ್ಸು ತಾನಾಗಿ ಹಿಂದಿರುಗಿದಾಗ ಬಾಸ್ಕೆಟ್‌ಬಾಲ್ ತಂಡ ಅವರನ್ನು ಬರಮಾಡಿಕೊಂಡಿತು. 2013ರಲ್ಲಿ ಆ ತಂಡ ರಾಷ್ಟ್ರೀಯ ಪಂದ್ಯಾವಳಿಯ ಕೊನೆಯ ಹದಿನಾರರ ಸುತ್ತನ್ನು ತಲುಪಿತು. 2016ರಲ್ಲಿ ಅವರು ರಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅಮೆರಿಕ ತಂಡದಲ್ಲಿದ್ದರು. 2015 ಮತ್ತು 2019ರಲ್ಲಿ ವೃತ್ತಿಪರ ಮಹಿಳಾ ಲೀಗಿನ ಅತ್ಯುತ್ತಮ ಆಟಗಾರ್ತಿ ಎಂಬ ಮನ್ನಣೆ ಪಡೆದರು.

ಬಿಟ್ಟುಹೋದವರಿಂದ ತಂಡ ಹಾಳಾಗುತ್ತದೆ ಎಂಬ ಆರೋಪವನ್ನು ಈ ಎರಡು ಪ್ರಸಂಗಗಳ ಎದುರು ಇಟ್ಟು ನೋಡಬೇಕು. ಬರ್ಡ್ ತೊರೆದ ಇಂಡಿಯಾನಾ ತಂಡ 1976ರಲ್ಲಿ ಒಂದೂ ಪಂದ್ಯ ಸೋಲದೆ ರಾಷ್ಟ್ರೀಯ ಚಾಂಪಿಯನ್ ಆಯಿತು. ಡೆಲೆ ಡಾನ್ ತೊರೆದ ಕನೆಕ್ಟಿಕಟ್ ತಂಡ 2009ರಲ್ಲೂ 2010ರಲ್ಲೂ 39 ಪಂದ್ಯಗಳಿಗೆ 39ನ್ನೂ ಗೆದ್ದಿತು. ಎಂಟು ಹತ್ತು ಜನರ ಸಣ್ಣ ತಂಡದಲ್ಲಿ ಒಬ್ಬರ ಗೈರುಹಾಜರಿ ನಿಜವಾಗಿ ಪೆಟ್ಟು ಕೊಡುತ್ತದೆ, ಅದನ್ನು ಒಪ್ಪಬೇಕು. ಆದರೆ ಬಲಾಢ್ಯ ವಿಶ್ವವಿದ್ಯಾಲಯಗಳು ಹದಿನೆಂಟರ ಹರೆಯದವರ ಮೇಲೆ ಹೊರಿಸುವ ದ್ರೋಹದ ಆಪಾದನೆ, ಅವು ಅನುಭವಿಸಿದ ನಷ್ಟಕ್ಕಿಂತ ಎಷ್ಟೋ ಪಾಲು ದೊಡ್ಡದು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ ಅಗತ್ಯ. ಬರ್ಡ್ ಮತ್ತು ಡೆಲೆ ಡಾನ್ ಮುಂದೆ ಮಹಾನ್ ಆಟಗಾರರಾದರು ಎಂಬ ಕಾರಣಕ್ಕೆ ಅವರಿಗೆ ಸಿಕ್ಕ ಮರು ಅವಕಾಶ ಸರಿ ಎನ್ನುವುದಾದರೆ, ವಾದ ಅಲ್ಲಿಗೇ ಕುಸಿಯುತ್ತದೆ. ಅವರ ಪ್ರತಿಭೆ ಯಾವ ಕೋಚನ್ನಾದರೂ ಮನೆಬಾಗಿಲಿಗೆ ಕರೆತರುವಂಥದು. ಎನ್‌ಸಿಎಎ ತಾನೇ ಹೇಳುವಂತೆ ಕಾಲೇಜು ಆಟಗಾರರಲ್ಲಿ ವೃತ್ತಿಪರ ಕ್ರೀಡೆಗೆ ಹೋಗುವವರು ನೂರಕ್ಕೆ ಇಬ್ಬರಿಗಿಂತ ಕಡಿಮೆ. ಉಳಿದ ತೊಂಬತ್ತೆಂಟು ಮಂದಿಯಲ್ಲಿ ಮಂಡಿ ನೋವಿನಿಂದ, ಮನೆಯ ಕಷ್ಟದಿಂದ, ಮನಸ್ಸಿನ ಬಳಲಿಕೆಯಿಂದ, ಕೋಚಿನ ಬೈಗುಳದಿಂದ ಹೊರಟ ಸಾಮಾನ್ಯ ಈಜುಗಾರ್ತಿಗೋ ಓಟಗಾರನಿಗೋ ಯಾರೂ ಊರು ಹುಡುಕಿಕೊಂಡು ಬರುವುದಿಲ್ಲ. ಮರು ಅವಕಾಶದ ಪ್ರಶ್ನೆ ನಿಜವಾಗಿ ಅವರದು.

ಅವರ ಸ್ಥಾನದಿಂದ ನೋಡಿದರೆ ಇಲ್ಲಿ ಎರಡು ಬೇರೆ ಬೇರೆ ಅವಕಾಶಗಳು ಒಂದರೊಳಗೊಂದು ಕಲೆತುಹೋಗಿವೆ. ಒಂದು, ಓದು ಮುಗಿಸುವ ಅವಕಾಶ. ಇನ್ನೊಂದು, ತಂಡದ ಸ್ಥಾನ. ಮೊದಲನೆಯದು ವಿಶ್ವವಿದ್ಯಾಲಯದ ಹೊಣೆ, ಅದನ್ನು ಆಟಕ್ಕೆ ಕಟ್ಟಿಹಾಕಿ ಕಿತ್ತುಕೊಳ್ಳುವುದು ವಿದ್ಯಾಸಂಸ್ಥೆಗೆ ತಕ್ಕ ನಡೆಯಲ್ಲ. ಕನಿಷ್ಠ ಆ ಶೈಕ್ಷಣಿಕ ವರ್ಷ ಮುಗಿಯುವವರೆಗಾದರೂ ನೆರವು ನಿಲ್ಲಬಾರದು. ಎರಡನೆಯದು ಹಕ್ಕಲ್ಲ. ಅದನ್ನು ಕೋಚ್ ಮತ್ತು ಜೊತೆಗಾರರ ಎದುರು ಮತ್ತೆ ಗಳಿಸಬೇಕು, ಆಯ್ಕೆಯ ಕಣದಲ್ಲಿ ಎಲ್ಲರಂತೆ ನಿಲ್ಲಬೇಕು, ಈಗಾಗಲೇ ಆ ಸ್ಥಾನದಲ್ಲಿರುವವರನ್ನು ಬದಿಗೆ ಸರಿಸಿ ಅದು ಬರುವಂತಾಗಬಾರದು. ಆದರೆ ಹಾಗೆ ನಿಲ್ಲಲು ಬಿಡದೆ, ಹಿಂದೆ ಬಿಟ್ಟುಹೋದದ್ದನ್ನೇ ಶಾಶ್ವತ ಕಳಂಕವೆಂದು ಎಣಿಸುವುದು ಅನ್ಯಾಯ.

ಕೋಚುಗಳ ನಡೆಯನ್ನು ಇದರ ಪಕ್ಕದಲ್ಲಿ ಇಡದಿದ್ದರೆ ಚರ್ಚೆ ಪ್ರಾಮಾಣಿಕವಾಗದು. ಒಪ್ಪಂದದ ಅವಧಿ ಉಳಿದಿರುವಾಗಲೇ ಹೆಚ್ಚಿನ ಸಂಬಳಕ್ಕೆ ಇನ್ನೊಂದು ವಿಶ್ವವಿದ್ಯಾಲಯಕ್ಕೆ ಹೋಗುವುದು ಅವರಿಗೆ ಎಂದೂ ಕಳಂಕವಾಗಿರಲಿಲ್ಲ. ಅವರನ್ನೇ ನಂಬಿ ಬಂದ ಆಟಗಾರರು ಮಾತ್ರ, ಬಾಸ್ಕೆಟ್‌ಬಾಲ್ ಮತ್ತು ಫುಟ್‌ಬಾಲ್‌ನಂಥ ಆಟಗಳಲ್ಲಿ, 2021ರವರೆಗೆ ತಂಡ ಬದಲಿಸಿದರೆ ಒಂದು ವರ್ಷ ಕೂರಬೇಕಿತ್ತು. ಈಗ ಆ ನಿರ್ಬಂಧ ಬಹುಮಟ್ಟಿಗೆ ಹೋಗಿದೆ. 2018ರ ಅಕ್ಟೋಬರಿನಲ್ಲಿ ಆರಂಭವಾದ ಟ್ರಾನ್ಸ್‌ಫರ್ ಪೋರ್ಟಲ್, ಅಂದರೆ ಬೇರೆ ವಿಶ್ವವಿದ್ಯಾಲಯಕ್ಕೆ ಹೋಗಬಯಸುವ ಆಟಗಾರರ ಹೆಸರುಗಳ ಗಣಕ ಪಟ್ಟಿ, ಬಿಡುವುದನ್ನು ಸುಲಭಗೊಳಿಸಿದೆ. ಆದರೆ ಹೆಸರು ಸೇರಿಸಿದವರ ನೆರವನ್ನು ಹಳೆಯ ವಿಶ್ವವಿದ್ಯಾಲಯ ಆ ಅವಧಿಯ ಕೊನೆಗೆ ನಿಲ್ಲಿಸಬಹುದಾದ್ದರಿಂದ ಮತ್ತು ಎಲ್ಲರಿಗೂ ಹೊಸ ತಂಡ ಸಿಗದಿರುವುದರಿಂದ, ಪ್ರತಿಭೆಯುಳ್ಳವರಿಗೆ ಅದು ಹೆದ್ದಾರಿಯಾದರೆ ಸಾಮಾನ್ಯರಿಗೆ ಮರಳಲಾಗದ ಹೊಸ್ತಿಲಾಗಿದೆ.

ಕಾಲದ ಮಿತಿಯೂ ಇದೆ. ಮೇಲ್ಮಟ್ಟದ ಕಾಲೇಜು ಕ್ರೀಡೆಯಲ್ಲಿ ಬಹುಕಾಲದಿಂದ ನಡೆದುಬಂದ ನಿಯಮದಂತೆ ಕಾಲೇಜು ಸೇರಿದ ದಿನದಿಂದ ಐದು ವರ್ಷಗಳೊಳಗೆ ನಾಲ್ಕು ಋತುಗಳನ್ನು ಆಡಿ ಮುಗಿಸಬೇಕು. ಮನೆಯಲ್ಲಿ ರೋಗಿಯ ಹಾಸಿಗೆಯ ಬಳಿ ಕಳೆದ ವರ್ಷವೂ ಆ ಐದರಲ್ಲೇ ಸಂದುಹೋಗುತ್ತದೆ. ಆದರೆ ಸೇನಾ ಸೇವೆಗೆ, ಚರ್ಚಿನ ಅಧಿಕೃತ ಧರ್ಮಸೇವೆಗೆ, ಗರ್ಭಧಾರಣೆಗೆ ಈ ನಿಯಮ ವಿನಾಯಿತಿ ಕೊಡುತ್ತ ಬಂದಿದೆ. ಎಂದರೆ ಕಾರಣ ಯೋಗ್ಯವಾಗಿದ್ದರೆ ಗಡಿಯಾರ ನಿಲ್ಲಬಹುದೆಂಬ ತತ್ತ್ವವನ್ನು ನಿಯಮ ಮಾಡಿದವರು ಈಗಾಗಲೇ ಒಪ್ಪಿದ್ದಾರೆ. ಕುಟುಂಬದ ಆರೈಕೆಯನ್ನೂ ವೈದ್ಯರು ದೃಢಪಡಿಸಿದ ಮಾನಸಿಕ ಬಳಲಿಕೆಯನ್ನೂ ಅದೇ ಸಾಲಿಗೆ ಸೇರಿಸಲು ಹೊಸ ತತ್ತ್ವ ಬೇಕಿಲ್ಲ. ಓದಿನ ಪ್ರಗತಿಯ ಲೆಕ್ಕದಲ್ಲೂ ಇಂಥದೇ ಒಂದು ಏರ್ಪಾಡಿದೆ: ವರ್ಷಗಳ ಹಿಂದೆ ಪದವಿ ಮುಗಿಸದೆ ಹೋದ ಆಟಗಾರ ಹಿಂದಿರುಗಿ ಪದವಿ ಪಡೆದರೆ ಅವನ ಹಳೆಯ ತಂಡಕ್ಕೆ ಒಂದು ಅಂಕ ಸೇರುತ್ತದೆ. ಹಳೆಯ ಪಟ್ಟಿಗಳನ್ನು ತೆರೆದು, ಹಾಗೆ ಹೋದವರನ್ನು ಹೆಸರು ಹಿಡಿದು ಕರೆಯಲು ಪ್ರತಿ ಕ್ರೀಡಾ ವಿಭಾಗಕ್ಕೂ ಇಷ್ಟು ಕಾರಣ ಸಾಕು.